ಓವನ್ನಿನಲ್ಲಿ ಹಿಡಿಸದ ರೊಟ್ಟಿ

ಗೆಳೆಯರೇ, ಓವನ್ ಕೊಳ್ಳಲು ಅಳತೆಗೆಂದು ಕಡಕ್ ರೊಟ್ಟಿ ಒಯ್ದವರನ್ನು ನೋಡಿದ್ದೀರಾ? ಇವತ್ತು ನಮ್ಮಪ್ಪ ಜತ್ತ ಪಟ್ಟಣದ ಅಂಗಡಿಗೆ ಒಯ್ದರು.

ಹೊಗೆಯಿಂದ ಅವ್ವನ ಎದೆ ಕೆಟ್ಟಿದೆ, ಇನ್ನು ಒಲೆಯ ಮುಂದೆ ಕೂರಲೇಬಾರದು ಎಂದಿದ್ದಾರೆ ಡಾಕ್ಟರು. ಮನೆಯಲ್ಲಿ ಗ್ಯಾಸ್ ಇದೆ, ಆದರೆ ರೊಟ್ಟಿ ಕಡಕ್ ಆಗಲು ಅಪ್ಪನಿಗೆ ಒಲೆಯ ಕೆಂಡವೇ ಬೇಕು. ಅದಕ್ಕೇ ನಾನು ಬ್ರೆಡ್ಡೂ ಸುಡುವ ಪುಟ್ಟ ಓವನ್ ಆರಿಸಿದ್ದೆ.

ಅಂಗಡಿಯಲ್ಲಿ ನನ್ನ, ಅವ್ವನ ಮುಂದೆಯೇ ಅಪ್ಪ ರೊಟ್ಟಿಯನ್ನು ಅದರೊಳಗಿಟ್ಟು ನೋಡಿದರು. ಬಾಗಿಲು ಮುಚ್ಚಲಿಲ್ಲ.

"ಅರ್ಧಾ ಮುರದ ಇಡ್ರಿ ಅಪ್ಪಾ, ಹಿಡಸ್ತೈತಿ," ಎಂದೆ.

"ಮುರದದ್ದ ಯಾರ ತಿಂತಾರ? ಬಂದ ಬೀಗರಿಗೆ ಚೂರ ನೀಡೂದೇನ?"

"ನಾ ಸಣ್ಣೂ ಬಡೀತೀನ್ರಿ," ಎಂದಳು ಅವ್ವ, ಕೆಮ್ಮುತ್ತಲೇ.

"ಸಣ್ಣೂ ಬ್ಯಾಡ. ನಡೀರಿ ಮನಿಗೆ."

ಬರುವಾಗ ಬಸ್ಸಿನ ನೂಕಾಟದಲ್ಲಿ ಚೀಲದೊಳಗಿನ ರೊಟ್ಟಿ ಚೂರುಚೂರಾಯಿತು. ಮನೆಗೆ ಬಂದ ಅಪ್ಪ ಆ ಚೂರುಗಳನ್ನೇ ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದರು, ಒಂದನ್ನೂ ಬಿಡಲಿಲ್ಲ.

"ಭಾಳ ಚಲೋ ಕಡಕ್ ಆಗೇತಿ ನೋಡ," ಎಂದು ಅಡುಗೆಮನೆಗೆ ಕೇಳುವಂತೆ ಹೊಗಳಿದರು ಕೂಡ.

ಅವ್ವ ಅಲ್ಲಿ ನಾಳೆಯ ರೊಟ್ಟಿಗೆಂದು ಒಲೆ ಊದುತ್ತಿದ್ದಳು.