ಛತ್ರದ ಗೇಟಿನಲ್ಲಿ ಹಿಂಸೆಯಿಲ್ಲದ ಚಪ್ಪಲಿ

1988ರ ಶ್ರಾವಣದ ಮೊದಲ ಸೋಮವಾರ, ರಾಣೆಬೆನ್ನೂರಿನ ಪೇಟೆಯಲ್ಲಿ ವರ್ತಕರು ನಡೆಸುತ್ತಿದ್ದ ಛತ್ರವೊಂದರ ಗೇಟಿನ ಪಕ್ಕದಿಂದ ಚಪ್ಪಲಿ ಹೊಲಿಯುವ ಹೆಂಗಸೊಬ್ಬಳನ್ನು ಎಬ್ಬಿಸಲಾಯಿತು. ಅಲ್ಲಿನ ಬೇವಿನ ಮರದ ಬುಡದಲ್ಲಿ ಮೊದಲು ಅವಳ ಮಾವ ಕೂತಿದ್ದ, ಆಮೇಲೆ ಗಂಡ, ಗಂಡ ತೀರಿಕೊಂಡ ಮೇಲೆ ಅವಳು. ಎಬ್ಬಿಸಿದ್ದಕ್ಕೆ ಛತ್ರದ ಸಮಿತಿ ಕೊಟ್ಟ ಕಾರಣ ಒಂದೇ: ದಾಸೋಹ ನಡೆಯುವ ಜಾಗದ ಎದುರು ಚರ್ಮ ಇರಕೂಡದು.

ನಾನು ಆಗ ಹುಬ್ಬಳ್ಳಿಯ ದಿನಪತ್ರಿಕೆಯೊಂದಕ್ಕೆ ರಾಣೆಬೆನ್ನೂರು, ಬ್ಯಾಡಗಿ, ಹಾವೇರಿಯ ಸುದ್ದಿ ಬರೆಯುತ್ತಿದ್ದೆ. ಬರೆದದ್ದನ್ನು ಲಕೋಟೆಗೆ ಹಾಕಿ ಸಂಜೆಯ ಬಸ್ಸಿನ ಕಂಡಕ್ಟರನ ಕೈಗೆ ಕೊಡುವುದು ರೂಢಿ. ಚರ್ಮಕ್ಕೆ ಒಳಗೆ ಪ್ರವೇಶವಿಲ್ಲ ಎಂಬುದು ಸುದ್ದಿಯಾಗಿರಲಿಲ್ಲ; ಅದು ಹಿಂದಿನಿಂದಲೂ ಇದ್ದ ನಿಯಮ. ಎಲ್ಲರೂ ಗೇಟಿನ ಹೊರಗೆ ಚಪ್ಪಲಿ ಬಿಡುತ್ತಿದ್ದರು, ಹರಿದದ್ದನ್ನು ಅವಳ ಮುಂದೆ ಇಟ್ಟು ಉಣ್ಣಲು ಹೋಗುತ್ತಿದ್ದರು, ಉಂಡು ಬರುವಷ್ಟರಲ್ಲಿ ಹೊಲಿಗೆ ಮುಗಿದಿರುತ್ತಿತ್ತು. ಈ ಸಲ ಹೊಸದಾಗಿದ್ದದ್ದು ವಿನಾಯಿತಿ. ಪ್ಲಾಸ್ಟಿಕ್ ಚಪ್ಪಲಿ ಮೆಟ್ಟಿದವರು ಒಳಗಿನ ಅಂಗಳ ದಾಟಿ, ಕೈ ತೊಳೆಯುವ ನಲ್ಲಿಯ ತನಕ ಹೋಗಬಹುದು ಎಂದು ಸಮಿತಿ ತೀರ್ಮಾನಿಸಿತ್ತು.

ಈ ತೀರ್ಮಾನ ಬಂದದ್ದು ಗೋಡೆಗಳಿಂದ. ಆ ಬೇಸಿಗೆಯಲ್ಲಿ ಹಾವೇರಿಯಿಂದ ರಾಣೆಬೆನ್ನೂರಿನವರೆಗೆ ರಸ್ತೆಬದಿಯ ಗೋಡೆಗಳ ಮೇಲೆಲ್ಲ ಒಂದು ಚಪ್ಪಲಿ ಕಂಪನಿಯ ಜಾಹೀರಾತು ಬಿದ್ದಿತ್ತು: ‘ಚರ್ಮವಿಲ್ಲ, ಹಿಂಸೆಯಿಲ್ಲ, ಸವೆತವಿಲ್ಲ.’ ಮಂದಿ ಅದಕ್ಕೆ ತಮ್ಮದೂ ಒಂದು ಸೇರಿಸಿಕೊಂಡರು: ಮೈಲಿಗೆಯಿಲ್ಲ. ಹೊಸ್ತಿಲಲ್ಲಿ ನಿಂತು ಒಂದು ತಂಬಿಗೆ ನೀರು ಸುರಿದುಕೊಂಡರೆ ಆಯಿತು, ಅದೇ ಚಪ್ಪಲಿಯಲ್ಲಿ ಅಡುಗೆಮನೆಗೂ ಹೋಗಬಹುದು. ನಮ್ಮ ಮನೆಯಲ್ಲೂ ಹಾಗೇ ನಡೆಯುತ್ತಿತ್ತು. ಹಂಡೆಯಂತೆ ಅದನ್ನೂ ತೊಳೆಯಬಹುದು, ಹಾಗಾಗಿ ಹಂಡೆಯಂತೆ ಅದೂ ಮಡಿ. ಬಚ್ಚಲಿಗೂ ಅದೇ, ಹಿತ್ತಲಿಗೂ ಅದೇ, ಒಲೆಯ ಮುಂದೆಯೂ ಅದೇ.

ಎಬ್ಬಿಸಿದ ಮರುದಿನ ಅವಳು ರಸ್ತೆಯ ಆಚೆ, ಗಟಾರದ ಅಂಚಿಗೆ ಗೋಣಿಚೀಲ ಹಾಸಿ ಕೂತಿದ್ದಳು. ಶ್ರಾವಣ ಮುಗಿದ ಮೇಲೆ ಸಮಿತಿಯ ಸಭೆಯಲ್ಲಿ ಕೊನೆಯ ನಿರ್ಧಾರ ಆಗುತ್ತದೆ ಎಂದು ಅವಳಿಗೆ ಹೇಳಿದ್ದರು. ಗಟಾರದ ಕಡೆ ಗಿರಾಕಿ ದಾಟಿ ಬರುತ್ತಿರಲಿಲ್ಲ.

“ಪೇಪರ್ ಸಾಹೇಬ್ರ, ಬರಕೋರಿ,” ಅಂದಳು. “ನಾ ಯಾವ ದನಾ ಕಡದೇನ್ರಿ? ಮುದಿಯಾಗಿ ತಾನ ಸತ್ತದ್ದರ ತೊಗಲಿದು. ತಳಕ್ಕ ಲಾರಿ ಟೈರು. ಸತ್ತದ್ದನ್ನೂ ಒಗದದ್ದನ್ನೂ ಕೂಡ್ಸಿ ಕಾಲಿಗೆ ಹಾಕ್ತೀನಿ. ಇದರಾಗ ಹಿಂಸಾ ಎಲ್ಲೈತ್ರಿ?”

“ಇದನ್ನ ಸಮಿತಿಯವ್ರಿಗೆ ಹೇಳಿದೇನು?” ಎಂದು ಕೇಳಿದೆ.

“ಹತ್ರ ಬಿಟ್ಟರ ಹೇಳಬೇಕಲ್ರಿ.”

ಸಮಿತಿಯ ಕಾರ್ಯದರ್ಶಿಯೇ ಆ ಪ್ಲಾಸ್ಟಿಕ್ ಚಪ್ಪಲಿಗಳನ್ನು ಊರಲ್ಲಿ ಮಾರುತ್ತಿದ್ದ ಅಂಗಡಿಯ ಮಾಲೀಕ. ಇದನ್ನು ಪೇಟೆಯಲ್ಲಿ ಯಾರೂ ಮುಚ್ಚಿಟ್ಟಿರಲಿಲ್ಲ. ಯಾರಿಗೂ ಅದು ಹೇಳಬೇಕಾದ ಸಂಗತಿ ಅನ್ನಿಸಿರಲಿಲ್ಲ, ಅಷ್ಟೇ. ನಾನು ಹೋದಾಗ ಗಲ್ಲಾದ ಹಿಂದೆ ಕೂತು ಚಹಾ ತರಿಸಿದರು.

“ನಿಮ್ಮ ಅಂಗಡಿಗೆ ಲಾಭ ಆಗ್ತೈತಿ ಅಂತ ಮಂದಿ ಅನ್ನೂದಿಲ್ಲೇನ್ರಿ?” ಎಂದು ಕೇಳಿದೆ.

“ಧರ್ಮದಾಗ ಲಾಭ ನೋಡಬಾರ್ದ್ರಿ.”

“ಹಿಂಸೆ ಇಲ್ಲ ಅಂತ ಕಂಪನಿ ಬರಸೈತಿ. ಅದು ಖರೇನೋ ಸುಳ್ಳೋ, ನೀವು ಕೇಳೀರೇನು?”

“ಪ್ಲಾಸ್ಟಿಕ್ಕಿಗೆ ಜೀವ ಐತೇನ್ರಿ?” ಎಂದು ನಕ್ಕರು. “ಚಹಾ ಆರತೈತಿ, ಕುಡೀರಿ.”

ಗೋಡೆಯ ಮೇಲಿದ್ದ ಮೂರು ಮಾತುಗಳನ್ನು ಒಂದೊಂದಾಗಿ ವಿಚಾರಿಸಿದೆ. ಚರ್ಮವಿಲ್ಲ ಎಂಬುದು ನಿಜ. ಎರಡನೆಯದಕ್ಕೆ ಕಾಲೇಜಿನ ರಸಾಯನಶಾಸ್ತ್ರದ ಅಧ್ಯಾಪಕರೊಬ್ಬರ ಬಳಿ ಹೋದೆ. ಅವರು ಚಪ್ಪಲಿಯನ್ನು ಬಾಗಿಸಿ, ಮೂಸಿ ನೋಡಿದರು. ಕಾಯಿಸಿದ ಪ್ಲಾಸ್ಟಿಕ್ ಯಂತ್ರಕ್ಕೆ ಅಂಟದೆ ಸರಾಗವಾಗಿ ಜಾರಲೆಂದು ಅದಕ್ಕೆ ಒಂದು ಪುಡಿ ಬೆರೆಸುತ್ತಾರಂತೆ. ಆ ಪುಡಿಯ ಮೂಲ ಸ್ಟಿಯರಿಕ್ ಆಮ್ಲ.

“ಅದು ತಾಳೀ ಮರದ ಎಣ್ಣಿಯಿಂದನೂ ಬರ್ತದ, ದನದ ಕೊಬ್ಬಿನಿಂದನೂ ಬರ್ತದ,” ಅಂದರು. “ಇದರಾಗ ಯಾವುದದ ಅಂತ ಕಂಪನಿಯವ್ರ ಹೇಳಬೇಕು. ನಾ ಹೇಳಿದ್ರ ಸುಳ್ಳಾಗ್ತದ.”

ಕಂಪನಿಯ ಹುಬ್ಬಳ್ಳಿ ಡಿಪೋಕ್ಕೆ ಫೋನ್ ಮಾಡಿದೆ. ತಾವು ಮಾರುವವರು, ಮಾಡುವವರಲ್ಲ ಎಂದರು. ಮಾಡುವವರಿಗೆ ಬರೆದ ಪತ್ರಕ್ಕೆ ಉತ್ತರ ಬರಲಿಲ್ಲ. ಹಾಗಾಗಿ ನಾನು ಬರೆಯಬಹುದಾಗಿದ್ದದ್ದು ಇಷ್ಟು: ಹಿಂಸೆಯಿಲ್ಲ ಎಂಬ ಮಾತಿಗೆ ಆಧಾರ ಸಿಕ್ಕಿಲ್ಲ. ತಾನಾಗಿ ಸತ್ತ ದನದ ತೊಗಲು ಕಣ್ಣಿಗೆ ಕಾಣುತ್ತದೆ ಎಂಬ ಕಾರಣಕ್ಕೆ ಒಬ್ಬಳು ಗಟಾರದ ಅಂಚಿಗೆ ಹೋದಳು. ಕಡಿದ ದನದ ಕೊಬ್ಬು ಬೆರೆತಿದೆಯೋ ಇಲ್ಲವೋ ಗೊತ್ತಿಲ್ಲದ ವಸ್ತು, ಗೊತ್ತಿಲ್ಲವೆಂಬ ಕಾರಣಕ್ಕೇ ದಾಸೋಹದ ಅಂಗಳಕ್ಕೆ ಹೋಯಿತು.

ಮೂರನೆಯದು ಸವೆತದ ಮಾತು. ಓಣಿ ಓಣಿಗೆ ಸೈಕಲ್ಲಿನಲ್ಲಿ ಬರುತ್ತಿದ್ದ ಗುಜರಿಯವನನ್ನು ನಿಲ್ಲಿಸಿದೆ. “ಹಳೇ ಪ್ಲಾಸ್ಟಿಕ್ ಚಪ್ಪಲ್ ಕೊಡ್ರಿ, ಬಳ್ಳೊಳ್ಳಿ ತೊಗೋರಿ” ಎಂದು ಕೂಗುತ್ತ ಬರುವವನು. ಹಳೆಯ ಚಪ್ಪಲಿಗೆ ಬೊಗಸೆ ಬೆಳ್ಳುಳ್ಳಿ ಕೊಟ್ಟು, ಕರಗಿಸುವವರಿಗೆ ಮಾರುತ್ತಿದ್ದ. ಈ ಕಂಪನಿಯ ಚಪ್ಪಲಿ ತೋರಿಸಿದ ಕೂಡಲೇ ಕೈ ಅಲ್ಲಾಡಿಸಿದ.

“ನಹೀ ಸಾಬ್, ಇದು ಬ್ಯಾಡ. ಇದರ ತಳದಾಗ ಬಟ್ಟಿ ಅಂಟಿಸ್ಯಾರ. ಕರಗಂಗಿಲ್ಲ, ಸುಟ್ಟು ಕರ್ರಗಾಕ್ಕೈತಿ. ನಮ್ಮ ಸೇಠ್ ನನ್ನ ಮಾರಿಗೇ ಒಗೀತಾನ.”

“ಹಂಗಾದ್ರ ಮಂದಿ ಏನ್ ಮಾಡ್ತಾರ ಇವನ್ನ?”

“ತಿಪ್ಪಿಗೆ ಹೋಗಿ ನೋಡ್ರಿ. ನಾ ಬೇಕಾದ್ರ ಬಳ್ಳೊಳ್ಳಿ ಪುಕಟ ಕೊಡ್ತೀನಿ, ಅದನ್ನ ಮಾತ್ರ ಕೊಡಬ್ಯಾಡ್ರಿ.”

ಊರ ಹೊರಗಿನ ತಿಪ್ಪೆಗೆ ಹೋಗಿ ನೋಡಿದೆ. ಪಟ್ಟಿ ಕಿತ್ತುಹೋದ ಚಪ್ಪಲಿಗಳು, ತಳ ಮಾತ್ರ ಹೊಸದರಂತೆ ಇದ್ದವು. ಸವೆತವಿಲ್ಲ ಎಂದದ್ದು ತಳದ ಮಟ್ಟಿಗೆ ನಿಜ. ಒಂದು ಬದಿ ಹೊತ್ತಿಸಿದ್ದರು. ಕಪ್ಪು ಹೊಗೆ ಪಕ್ಕದ ಗುಡಿಸಲುಗಳ ಮೇಲೆ ಹಾದುಹೋಗುತ್ತಿತ್ತು. ಬಾಯಿಗೆ ಸೆರಗು ಒತ್ತಿಕೊಂಡು ಅಡುಗೆ ಮಾಡುತ್ತಿದ್ದ ಹೆಂಗಸೊಬ್ಬಳು, ಗಾಳಿ ತಿರುಗುವ ತನಕ ಹೀಗೇ ಎಂದಳು. ಬೆಂಕಿ ಹತ್ತದ ಬದಿಯಲ್ಲಿ ಬಿಡಾಡಿ ಆಕಳೊಂದು ಚಪ್ಪಲಿಯ ಪಟ್ಟಿಯನ್ನು ಜಗಿಯುತ್ತ ನಿಂತಿತ್ತು. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಸಭೆಯ ಹಿಂದಿನ ದಿನ ನಾನು ಗಟಾರದ ಬಳಿ ಅವಳೊಂದಿಗೆ ಮಾತಾಡುತ್ತಿದ್ದಾಗ, ಕಾರ್ಯದರ್ಶಿಯವರು ಒಂದು ಕಾಲು ಎಳೆಯುತ್ತ ರಸ್ತೆ ದಾಟಿ ಬಂದರು. ಅವರ ಚಪ್ಪಲಿಯ ಪಟ್ಟಿ ಕಿತ್ತಿತ್ತು. ಅಂಗಡಿ ಇನ್ನೂ ದೂರ, ರಸ್ತೆಯ ತುಂಬ ಕೆಸರು.

“ಲಗೂ ಮಾಡಬೇ, ಕೆಲಸ ಐತಿ,” ಎಂದು ಅದನ್ನು ಕಾಲಿನಿಂದಲೇ ಮುಂದಕ್ಕೆ ನೂಕಿದರು.

ಪ್ಲಾಸ್ಟಿಕ್ಕನ್ನು ಹೊಲಿಯಲು ಬರುವುದಿಲ್ಲ. ಅವಳು ತೊಗಲು ಕೊಯ್ಯುವ ರಂಪಿಗೆಯನ್ನೇ ಕೆಂಡದಲ್ಲಿ ಕಾಸಿ, ಕಿತ್ತ ತುದಿಗೆ ಒತ್ತಿ, ಕರಗಿದ್ದನ್ನು ಬಿಸಿಯಿರುವಾಗಲೇ ಕೂಡಿಸಿದಳು. ಹೊಗೆ ಎದ್ದಿತು. ಕಾರ್ಯದರ್ಶಿ ಮೂಗು ಮುಚ್ಚಿಕೊಂಡರು.

“ಸಾವಕಾರ್ರ, ತೊಗಲು ಕೊಯ್ದ ರಂಪಿಗೀರಿ ಇದು,” ಅಂದಳು. “ಇನ್ನ ನಿಮ್ಮ ಚಪ್ಪಲಿ ಅಂಗಳದೊಳಗ ಹೊಕ್ಕತೈತೋ, ಇಲ್ಲಾ ನನ್ನ ಬಾಜೂಕ ಕುಂದ್ರತೈತೋ?”

ಸುತ್ತ ನಿಂತಿದ್ದ ದಾರಿಹೋಕರು ನಕ್ಕರು. ಕಾರ್ಯದರ್ಶಿಯೂ ನಕ್ಕರು. “ನೀರ ಹಾಕ್ಕೊಂಡ್ರ ಆತಲ್ಲಬೇ,” ಎಂದು ಮೆಟ್ಟಿಕೊಂಡು ಛತ್ರದೊಳಗೆ ಹೋದರು. ನಲ್ಲಿಯ ಸದ್ದು ರಸ್ತೆಗೆ ಕೇಳಿಸಿತು.

ಸಭೆ ಛತ್ರದ ಪಡಸಾಲೆಯಲ್ಲಿ ನಡೆಯಿತು. ಅವಳನ್ನು ಗೇಟಿನ ಹೊರಗೆ ನಿಲ್ಲಿಸಿದ್ದರು. ನನ್ನ ಕೋರಿಕೆಯ ಮೇಲೆ ಅಧ್ಯಾಪಕರು ಬಂದು, ನನಗೆ ಹೇಳಿದ್ದನ್ನೇ ಸಭೆಗೂ ಹೇಳಿದರು. ಸದಸ್ಯರಲ್ಲಿ ಕೆಲವರು ತಮ್ಮ ಕಾಲುಗಳನ್ನು ನೋಡಿಕೊಂಡರು.

“ಕಣ್ಣಿಗೆ ಕಾಣದ್ದನ್ನ ಹಿಡಕೊಂಡು ಕುಂತ್ರ ನಾವು ನೀರೂ ಕುಡಿಯಂಗಿಲ್ರಿ,” ಎಂದರು ಕಾರ್ಯದರ್ಶಿ.

“ಹಂಗಾದ್ರ ತೊಗಲು, ಪ್ಲಾಸ್ಟಿಕ್ ಎರಡನ್ನೂ ಹೊರಗಿಡ್ರಿ,” ಎಂದರು ಅಧ್ಯಾಪಕರು. “ಆಕಿ ಗೇಟಿನ ಹೊರಗ ಕುಂದ್ರಾಕಿ. ಒಳಗ ಬಂದಾಕಿ ಅಲ್ಲಲ್ಲ.”

ಅಷ್ಟರಲ್ಲಿ ಚಹಾ ಬಂತು. ಚಹಾ ಮುಗಿಯುವ ಹೊತ್ತಿಗೆ ನಿರ್ಧಾರವೂ ಮುಗಿದಿತ್ತು: ವಿನಾಯಿತಿ ಮುಂದುವರಿಯುತ್ತದೆ, ಗೇಟಿನ ಪಕ್ಕದ ಜಾಗ ಖಾಲಿಯಾಗಿಯೇ ಇರುತ್ತದೆ. ಪ್ರಾಣಿದಯೆಯ ಹೆಸರಿನಲ್ಲಿ ನಡೆದ ಆ ಸಭೆಯಲ್ಲಿ ತಿಪ್ಪೆಯ ಆಕಳಿನ ಬಗ್ಗೆ ಕೇಳಿದವನು ನಾನೊಬ್ಬನೇ. ಅದು ಪುರಸಭೆಯ ವಿಷಯ ಎಂದರು.

ನಾನು ಕಂಡದ್ದು, ಕೇಳಿದ್ದು, ಉತ್ತರ ಸಿಗದೆ ಉಳಿದದ್ದು ಎಲ್ಲವನ್ನೂ ವರದಿಯಲ್ಲಿ ಬರೆದೆ. ಕಾರ್ಯದರ್ಶಿಯ ಮಾತುಗಳನ್ನು ಅವರು ಆಡಿದಂತೆಯೇ ಹಾಕಿದೆ. ಅಚ್ಚಾದಾಗ ‘ಛತ್ರದ ಆವರಣದಲ್ಲಿ ಚರ್ಮ ನಿಷೇಧ’ ಎಂಬ ತಲೆಬರಹವೂ ಸಮಿತಿಯ ತೀರ್ಮಾನವೂ ಉಳಿದಿದ್ದವು. ಅಧ್ಯಾಪಕರು, ಗುಜರಿಯವನು, ತಿಪ್ಪೆ, ಆ ಹೆಂಗಸು ಯಾರೂ ಇರಲಿಲ್ಲ. ಅದೇ ಪುಟದ ಕೆಳಗೆ ಆ ಕಂಪನಿಯ ಜಾಹೀರಾತಿತ್ತು. ಡೆಸ್ಕಿಗೆ ಫೋನ್ ಮಾಡಿ ಕೇಳಿದಾಗ, ಜಾಗ ಸಾಲಲಿಲ್ಲ ಎಂದರು.

ಮರುವರ್ಷ ಬೇವಿನ ಮರ ಕಡಿದು ಆ ಜಾಗದಲ್ಲಿ ಮಳಿಗೆ ಕಟ್ಟಿಸಿದರು. ಅಲ್ಲಿ ಕಾರ್ಯದರ್ಶಿಯವರ ಎರಡನೆಯ ಚಪ್ಪಲಿ ಅಂಗಡಿ ಬಂತು. 1994ರ ಮಾಗಿಯಲ್ಲಿ ನಾನು ಮಾರುಕಟ್ಟೆಯ ವರದಿಗೆಂದು ಬ್ಯಾಡಗಿಗೆ ಹೋಗಿದ್ದಾಗ, ಅವಳು ಅಲ್ಲಿನ ಒಂದು ಅಂಗಳದಲ್ಲಿ ಬೇರೆ ಹೆಂಗಸರ ಜೊತೆ ಕೂತು ಒಣಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಚಪ್ಪಲಿ ಹೊಲಿಯುವುದನ್ನು ಬಿಟ್ಟು ಮೂರನೆಯ ಸುಗ್ಗಿ ಎಂದಳು.