ಗುನ್ವೋರಳಿಗೆ ಕೆತ್ತಿದ ಹಲಗೆ

ಬೆಟ್ಟಗಳ ನಡುವೆ ಒಳನುಗ್ಗಿದ ಹಾರ್ಡಾಂಗರ್ ಕಡಲತೋಳಿನ ದಂಡೆಯಲ್ಲಿ ಹುಲ್ಲು ಕೊಯ್ಯುವುದರಲ್ಲಿ ಹಾಲ್ದೂರನನ್ನು ಮೀರಿಸಿದವರಿರಲಿಲ್ಲ. ಉದ್ದ ಹಿಡಿಯ ಕುಡುಗೋಲನ್ನು ನೆಟ್ಟಗೆ ನಿಲ್ಲಿಸಿ, ಕಲ್ಲನ್ನು ಅಲಗಿನ ಇಬ್ಬದಿಗೂ ಸರಸರನೆ ಎಳೆದನೆಂದರೆ ಉಳಿದ ಆಳುಗಳು ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಮಾತು ಮಾತ್ರ ಅವನಿಗೆ ಒಲಿದಿರಲಿಲ್ಲ. ಮೂವತ್ತು ದಾಟಿದ್ದರೂ ಹೆಣ್ಣೊಬ್ಬಳ ಮುಂದೆ ಮಳೆಗಾಳಿಯ ವಿಷಯ ಬಿಟ್ಟು ಬೇರೇನನ್ನೂ ಎತ್ತಿದವನಲ್ಲ.

ಅವನು ಆಳಾಗಿದ್ದ ಮನೆಯಲ್ಲೇ ಹಾಲು ಕರೆಯುವ ಕೆಲಸಕ್ಕಿದ್ದ ಗುನ್ವೋರ್ ಒಂದು ಸಂಜೆ ಅವನ ಪಕ್ಕದಲ್ಲಿ ಹುಲ್ಲು ಒಣಹಾಕುತ್ತಾ ಹೇಳಿದಳು:

“ನನ್ನ ಪೆಟ್ಟಿಗೆ ತುಂಬ್ತು ಕಣೋ. ಹಾಸೋದು, ಹೊದೆಯೋದು, ಮೇಜಿನ ಬಟ್ಟೆ, ಎಲ್ಲಾ ನೇಯ್ದಿಟ್ಟಿದೀನಿ. ತೀಡೋ ಹಲಗೆ ಒಂದಿಲ್ಲ ನೋಡು.”

ಆ ಸೀಮೆಯ ಹುಡುಗಿ ಇದಕ್ಕಿಂತ ಬಿಡಿಸಿ ಹೇಳುವುದಿಲ್ಲ. ಒಗೆದ ಬಟ್ಟೆಯನ್ನು ಕೋಲಿಗೆ ಸುತ್ತಿ, ಮೇಲೊಂದು ಹಲಗೆ ಒತ್ತಿ ಉರುಳಿಸಿ ಸುಕ್ಕು ತೆಗೆಯುತ್ತಾರೆ. ಆ ಹಲಗೆಯನ್ನು ಗಂಡಸು ಕೈಯಾರೆ ಕೆತ್ತಿ ತಂದುಕೊಡಬೇಕು. ಹೆಣ್ಣು ಅದನ್ನು ಒಳಗೆ ತೆಗೆದುಕೊಂಡರೆ ಮದುವೆ ಗೊತ್ತಾದ ಹಾಗೆ. ಬಾಯಿ ಬಿಡುವ ಅಗತ್ಯವೇ ಇಲ್ಲ. ಹಾಲ್ದೂರನಂಥವರಿಗೆಂದೇ ಹುಟ್ಟಿದ ಪದ್ಧತಿ. ಆದರೆ ಅವನು ಮರದಲ್ಲಿ ಒಂದು ಗೆರೆಯನ್ನೂ ಕೆತ್ತಿದವನಲ್ಲ. ವಸಂತದಲ್ಲಿ ಆಳುಗಳು ಕೆಲಸದ ಮನೆ ಬದಲಿಸುವ ದಿನ ಗುನ್ವೋರ್ ಆಚೆ ದಂಡೆಯ ಮನೆಗೆ ಹೋಗುವವಳಿದ್ದಳು. ಅವಳನ್ನು ನಿಲ್ಲಿಸಿಕೊಳ್ಳಬೇಕಾದರೆ ಅಷ್ಟರೊಳಗೆ ಹಲಗೆ ಮುಗಿಯಬೇಕಿತ್ತು.

ಬರ್ಗನ್ ಪೇಟೆಗೆ ಹೋದ ದೋಣಿಯವರಿಂದ ಅವನು ಮೂರು ಚಾಕು ತರಿಸಿಕೊಂಡ. ಹಿತ್ತಾಳೆಯ ಹಿಡಿ, ಗೇಣುದ್ದದ ಅಲಗು. ಅವನ್ನು ಹಿಡಿದುಕೊಂಡು, ಕೆತ್ತನೆ ಬಲ್ಲ ಮುದುಕ ಆಸ್ಲಾಕನ ಮನೆಗೆ ನಡೆದ.

“ಏನಪ್ಪಾ, ಹುಡುಗಿಗೆ ಹಲಗೆ ಕೆತ್ತೋಕೆ ಹೊರಟಿದೀಯೋ, ಹಂದಿ ಕೊಯ್ಯೋಕೋ?” ಎಂದ ಆಸ್ಲಾಕ್.

“ಅಂಗಡಿಯವನು ಇದೇ ಒಳ್ಳೇದು ಅಂದನಂತೆ ಅಜ್ಜ.”

“ಅವನಿಗೆ ಒಳ್ಳೇದು. ತಗೋ ಇದನ್ನ.”

ಮುದುಕ ಕೊಟ್ಟದ್ದು ಸವೆದ ಗಿಡ್ಡ ಚಾಕು. ಅಲಗು ಹೆಬ್ಬೆರಳಿನಷ್ಟೂ ಇಲ್ಲ, ಬಾಗುವುದಿಲ್ಲ, ತುದಿ ಕೆಳಕ್ಕೆ ಇಳಿದು ಬೆರಳಿನ ಹತ್ತಿರವೇ ಇದೆ. ಹೆಬ್ಬೆರಳನ್ನು ಮರದ ಮೇಲೆ ಊರಿ, ಚಾಕುವನ್ನು ಒಂದೇ ಓರೆಯಲ್ಲಿ ಎಳೆಯಬೇಕು. ಎದುರು ಬದಿಯಿಂದ ಇನ್ನೊಂದು ಸಲ ಎಳೆದಾಗ ಎರಡು ಕೊಯ್ತಗಳು ತಳದಲ್ಲಿ ಕೂಡುತ್ತವೆ, ಚಕ್ಕೆ ತಾನಾಗಿ ಎಗರಿ ಬೀಳುತ್ತದೆ. ಆಸ್ಲಾಕನ ಕೈಯಲ್ಲಿ ಹಾಗೇ ಬಿತ್ತು.

ಹಾಲ್ದೂರ್ ಮನೆಗೆ ಹೋಗಿ ಚಾಕುವನ್ನು ಇನ್ನಷ್ಟು ಮಸೆದ. ಬರ್ಚ್ ಮರದ ಹಲಗೆಯ ಮೇಲೆ ಕೈವಾರದಿಂದ ಆರು ಎಸಳಿನ ಹೂ ಬರೆದು ಕೆತ್ತಲು ಕೂತ. ಚಾಕು ಜಾರಿ ಮೇಲೆದ್ದು ಬಂತು. ಬಲ ಹಾಕಿದರೆ ಎರಡು ಎಸಳಿನ ನಡುವಿನ ಏಣು ಮುರಿಯಿತು. ಆ ಹಲಗೆ ಒಲೆಗೆ ಹೋಯಿತು. ಇನ್ನೊಂದು ತಂದ, ಅದೂ ಹೋಯಿತು. ಹಿಮ ಬಿದ್ದು ದಾರಿ ಮುಚ್ಚಿತು. ಗುನ್ವೋರ್ ದಿನವೂ ಅವನಿಗೆ ಗಂಜಿ ಬಡಿಸುತ್ತಿದ್ದಳು, ಅವನ ಬೆರಳ ಗಾಯಗಳನ್ನು ನೋಡುತ್ತಿದ್ದಳು, ಕೇಳುತ್ತಿರಲಿಲ್ಲ. ಅವನು ಕೈಯನ್ನು ಮೇಜಿನ ಕೆಳಗೆ ಎಳೆದುಕೊಳ್ಳುತ್ತಿದ್ದ. ಮುಗಿಯದ ಹಲಗೆಯ ಸುದ್ದಿ ಹೇಳುವುದೆಂದರೆ ಮದುವೆಯನ್ನು ಬಾಯಲ್ಲಿ ಕೇಳಿದ ಹಾಗೆ, ಅದು ಅವನಿಂದಾಗದು.

ಹಿಮ ಕರಗುವ ಹೊತ್ತಿಗೆ ಮತ್ತೆ ಆಸ್ಲಾಕನಲ್ಲಿಗೆ ಹೋದ.

“ಚಾಕುವಿನ ತಪ್ಪು ಅಜ್ಜ.”

“ಹೌದೇ? ಎಲ್ಲಿ, ನನ್ನ ಮುಂದೆ ಮಸೆ.” ಆಸ್ಲಾಕ್ ದೀಪದ ಮಸಿಯನ್ನು ಅಲಗಿನ ಎರಡೂ ಮುಖಕ್ಕೆ ಬಳಿದುಕೊಟ್ಟ. ಹಾಲ್ದೂರ್ ಎರಡು ಎಳೆತ ಎಳೆದ. ಅಲಗಿನ ಅಂಚಿನಲ್ಲಿ ಕೂದಲೆಳೆಯಷ್ಟು ಮಸಿ ಹೋಗಿತ್ತು. ಮಿಕ್ಕ ಮುಖವೆಲ್ಲ ಕಪ್ಪಾಗಿಯೇ ಇತ್ತು.

“ನೋಡ್ದೆಯಾ? ಪ್ರತಿ ಸಲ ಅಲಗಿನ ಬೆನ್ನು ಎತ್ತುತೀಯ. ಕುಡುಗೋಲು ಮಸೆಯೋನ ಕೈ ನಿಂದು. ಅಂಚು ದುಂಡಾಗಿದೆ, ಮರದೊಳಗೆ ಹೋಗೋದು ಹೇಗೆ? ಮುಖ ಪೂರ್ತಿ ಕಲ್ಲಿಗೆ ಮಲಗಿಸು. ಮಲಗಿಸಿಯೇ ಎಳಿ.”

ಇಪ್ಪತ್ತು ಬೇಸಿಗೆ ಕಲಿತದ್ದನ್ನು ಕೈ ಸುಲಭವಾಗಿ ಬಿಡಲಿಲ್ಲ. ಅವನು ಮಲಗಿಸಿದರೂ ಮಣಿಕಟ್ಟು ತಾನಾಗಿ ಏಳುತ್ತಿತ್ತು.

ಮನೆ ಬದಲಿಸುವ ದಿನ ಬಂದಾಗ ಮೂರನೆಯ ಹಲಗೆಯಲ್ಲಿ ಬರೆದ ಗೆರೆ ಮಾತ್ರ ಇತ್ತು. ಗುನ್ವೋರಳ ಪೆಟ್ಟಿಗೆಯನ್ನು ದೋಣಿಗೆ ಹೊತ್ತವನು ಅವನೇ.

“ಏನಾದ್ರೂ ಹೇಳೋದಿದೆಯಾ ಹಾಲ್ದೂರ್?”

“ಗಾಳಿ ಚೆನ್ನಾಗಿದೆ. ಬೇಗ ಮುಟ್ತೀಯ.”

“ಸರಿ ಹಾಗಾದ್ರೆ,” ಎಂದು ಅವಳು ದೋಣಿ ಹತ್ತಿ, ಅವನಿಗೆ ಬೆನ್ನು ಮಾಡಿ ಕೂತಳು.

ಆಮೇಲೆ ಕೆಲವೇ ವಾರಗಳಲ್ಲಿ ಕೈ ಬದಲಾಯಿತು. ಮಸಿ ಮುಖದುದ್ದಕ್ಕೂ ಒಂದೇ ಸಮ ಹೋಗತೊಡಗಿತು. ಕೊನೆಗೆ ಚರ್ಮದ ಪಟ್ಟಿಗೆ ತೀಡಿದ ಚಾಕು ಬರ್ಚಿನೊಳಗೆ ಬೆಣ್ಣೆಯಲ್ಲಿಳಿದಂತೆ ಇಳಿಯಿತು. ಹೂಗಳು ಒಂದಕ್ಕೊಂದು ತಾಗಿ ಹಲಗೆ ತುಂಬಿದವು. ನಡುಬೇಸಿಗೆಯ ಭಾನುವಾರ ಅದನ್ನು ಗೋಣಿಯಲ್ಲಿ ಸುತ್ತಿ, ಒಬ್ಬನೇ ದೋಣಿಗೆ ಹುಟ್ಟು ಹಾಕಿ ಆಚೆ ದಂಡೆಗೆ ಹೋದ.

ಗುನ್ವೋರ್ ಹೊಸಿಲಲ್ಲಿ ನಿಂತಿದ್ದಳು. ಅವಳ ಹಿಂದೆ ಗೋಡೆಯಲ್ಲಿ ಕೆಂಪು ಬಳಿದ ತೀಡುವ ಹಲಗೆಯೊಂದು ತೂಗುತ್ತಿತ್ತು. ಅವನು ನೋಡಿದ್ದನ್ನು ಅವಳು ನೋಡಿದಳು.

“ದೋಣಿ ಕಟ್ಟೋ ಸ್ಯೂರ್ ತಂದ. ಹೋದ ತಿಂಗಳು,” ಎಂದಳು. ಅವನ ಕೈಯಿಂದ ಗೋಣಿ ಬಿಡಿಸಿ ಹಲಗೆಯ ಮೇಲೆ ಬೆರಳಾಡಿಸಿದಳು. “ಯಾವಾಗ ಶುರು ಮಾಡಿದ್ದು?”

“ಮೊದಲ ಹಿಮಕ್ಕೆ ಮುಂಚೆ.”

“ಅಷ್ಟು ದಿನ?”

“ಚಾಕು ಹರಿತ ಬರ್ಲಿಲ್ಲ.”

“ಅಷ್ಟನ್ನಾದ್ರೂ ಹೇಳ್ಬಾರದಿತ್ತೇನೋ!” ಅವಳ ದನಿ ಏರಿತು. “ಹೇಳಿದ್ರೆ ಕಾಯ್ತಿದ್ದೆನಲ್ಲ.”

ಅವಳು ಹಲಗೆಯನ್ನು ಮತ್ತೆ ಗೋಣಿಯಲ್ಲಿ ಸುತ್ತಿ, ಅಂಚುಗಳನ್ನು ಮಡಚಿ, ಅವನ ಕೈಗಿತ್ತಳು. ಕುಡಿಯಲು ಹುಳಿ ಹಾಲು ತಂದುಕೊಟ್ಟಳು. ಅವನು ನಿಂತೇ ಕುಡಿದ.

ಒಬ್ಬಳಿಗೆಂದು ಕೆತ್ತಿದ ಹಲಗೆಯನ್ನು ಇನ್ನೊಬ್ಬಳಿಗೆ ಕೊಡುವ ಹಾಗಿಲ್ಲ, ಹೊಸದು ಕೆತ್ತಬೇಕು. ಈಗ ಅವನಿಗೆ ಅದು ಕಷ್ಟದ ಕೆಲಸವಾಗಿರಲಿಲ್ಲ. “ಕೆತ್ತೋ, ಊರಲ್ಲಿ ಹುಡುಗಿಯರಿಗೆ ಬರವಾ?” ಎಂದು ಆಸ್ಲಾಕ್ ಸಾಯುವತನಕ ಬೈದ. ಹಾಲ್ದೂರ್ ಕೆತ್ತಲಿಲ್ಲ. ಬೇಸಿಗೆಯಲ್ಲಿ ಆಚೆ ದಂಡೆಯವರು ಒಗೆದ ಬಟ್ಟೆಗಳನ್ನು ಹುಲ್ಲಿನ ಮೇಲೆ ಹರಡುತ್ತಿದ್ದರು. ನೀರಿನಾಚೆ ಅವು ಬೆಳ್ಳಗೆ ಕಾಣುತ್ತಿದ್ದವು. ಅವನು ಕೊಯ್ಯುವುದನ್ನು ನಿಲ್ಲಿಸಿ, ಯಾರೋ ಬಂದು ಅವನ್ನು ಒಂದೊಂದಾಗಿ ಎತ್ತಿಕೊಂಡು ಒಳಗೆ ಹೋಗುವವರೆಗೂ ನೋಡುತ್ತಿದ್ದ. ಅಷ್ಟು ದೂರದಿಂದ ಅದು ಯಾರೆಂದು ತಿಳಿಯುತ್ತಿರಲಿಲ್ಲ.