ಕಾಣದ ದೃಷ್ಟಿಬೊಟ್ಟು

ಅಮೆರಿಕದ ಕಪ್ಪು ಹೆಣ್ಣುಮಗಳೊಬ್ಬಳು ಬರೆದ ಪುಸ್ತಕ ಓದುತ್ತಿದ್ದೆ. ಬಣ್ಣ ತಿಳಿಯಾಗಲೆಂದು ಮನೆಯವರೇ ಅವಳ ಕೆನ್ನೆ ಉಜ್ಜುತ್ತಿದ್ದರಂತೆ. ಆ ಪುಟಕ್ಕೆ ಬರುತ್ತಿದ್ದಂತೆ ಅಜ್ಜಿಯ ಹರಳೆಣ್ಣೆ ಕಾಡಿಗೆಯ ವಾಸನೆ ಮೂಗಿಗೆ ಬಡಿಯಿತು.

ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ನಮ್ಮ ಮನೆ. ಹಬ್ಬದ ದಿನ ಅಜ್ಜಿ ಬೆಳ್ಳಗಿದ್ದ ತಂಗಿಯ ಕೆನ್ನೆಗೆ ದೃಷ್ಟಿಬೊಟ್ಟು ಇಡುತ್ತಿದ್ದಳು. ನಾನೂ ಕೆನ್ನೆ ಒಡ್ಡಿದರೆ, "ನಿಂಗ್ಯಾಕೆ ಮಾರಾಯ್ತಿ? ಈ ಬಣ್ಣಕ್ಕೆ ಯಾರು ದೃಷ್ಟಿ ಹಾಕ್ತಾರೆ?" ಎಂದು ಮುದ್ದಿನಿಂದಲೇ ನಗುತ್ತಿದ್ದಳು. ನಾನೂ ನಗುತ್ತಿದ್ದೆ. ನಗದಿದ್ದರೆ ಅಳಬೇಕಾಗುತ್ತಿತ್ತು.

ಒಮ್ಮೆ ಪಕ್ಕದ ಮನೆಯ ತಮಿಳರ ಸೆಲ್ವಿ ಅಕ್ಕ ಇದನ್ನು ಕೇಳಿಸಿಕೊಂಡರು. ನನ್ನನ್ನು ಹಿತ್ತಲಿಗೆ ಕರೆದು, ತಮ್ಮ ಕಣ್ಣಿನ ಕಾಡಿಗೆಯನ್ನೇ ಬೆರಳಲ್ಲಿ ತೆಗೆದು ನನ್ನ ಕೆನ್ನೆಗೆ ಒತ್ತಿದರು. ಓಡಿಹೋಗಿ ಕನ್ನಡಿ ನೋಡಿಬಂದೆ.

"ಕಾಣ್ತಾನೇ ಇಲ್ಲ ಅಕ್ಕಾ!"

"ಕಾಣದಿದ್ರೇನಮ್ಮಾ, ನಾನು ಇಟ್ಟಿದೀನಲ್ಲ. ಇಷ್ಟು ಚೆಂದದ ಹುಡುಗಿಗೆ ಇಡದೇ ಇರಕ್ಕಾಗತ್ತಾ?"

ಅಂದು ಸಂಜೆ ಮುಖ ತೊಳೆಯುವಾಗ ಆ ಕೆನ್ನೆಗೆ ನೀರು ತಾಗಿಸಲಿಲ್ಲ.

ಈಗ ಪುಸ್ತಕ ಮುಚ್ಚಿಟ್ಟು, ಎದ್ದು ಹೋಗಿ ಮುಖ ತೊಳೆದುಕೊಂಡೆ. ಆ ಜಾಗವನ್ನು ಮಾತ್ರ ಮೆಲ್ಲಗೆ ಒರೆಸಿಕೊಂಡೆ.